ಜಾಕ್ ಸ್ಟೀನ್: ಸಾಧಾರಣ ಸ್ಟಾಪರ್ ಬ್ಯಾಕ್ ಇಷ್ಟು ದೊಡ್ಡ ಮ್ಯಾನೇಜರ್ ಆಗಿದ್ದು ಹೇಗೆ?

ಹಳೇಬೂಟು

ಇಲ್ಲಿ ಫುಟ್‌ಬಾಲ್ ಮ್ಯಾನೇಜರ್‌ಗಳಲ್ಲಿ, ಅಂದರೆ ತಂಡ ಕಟ್ಟಿ ಆಡಿಸುವವರಲ್ಲಿ, ಫರ್ಗ್ಯೂಸನ್ ದೊಡ್ಡವನಾ, ಗ್ವಾರ್ಡಿಯೋಲಾ ದೊಡ್ಡವನಾ ಅಂತ ವಾರಕ್ಕೊಂದು ಜಗಳ ಆಗುತ್ತದೆ. ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಫರ್ಗ್ಯೂಸನ್ ಯಾರ ಪಕ್ಕ ಕೂತು ಕೆಲಸ ನೋಡಿದ ಅನ್ನುವುದನ್ನು ಯಾರೂ ಎತ್ತುವುದೇ ಇಲ್ಲ. 1985ರಲ್ಲಿ ಆತ ಸ್ಕಾಟ್ಲೆಂಡ್ ತಂಡದ ಅಸಿಸ್ಟೆಂಟ್. ಮ್ಯಾನೇಜರ್ ಜಾಕ್ ಸ್ಟೀನ್. ಈ ಥ್ರೆಡ್ ಸ್ಟೀನ್‌ಗೆ ಮೀಸಲು.

ಮೊದಲು ಆಟಗಾರನ ಕಥೆ. ಸ್ಟಾಪರ್ ಬ್ಯಾಕ್ ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್. 1922ರಲ್ಲಿ ಲ್ಯಾನಾರ್ಕ್‌ಶೈರ್‌ನ ಬರ್ನ್‌ಬ್ಯಾಂಕ್‌ನಲ್ಲಿ ಹುಟ್ಟಿದ. ಕಲ್ಲಿದ್ದಲ ಗಣಿಗಳ ಸೀಮೆ. 14ಕ್ಕೆ ಸ್ಕೂಲು ಬಿಟ್ಟ, ಸ್ವಲ್ಪ ದಿನ ಕಾರ್ಪೆಟ್ ಫ್ಯಾಕ್ಟರಿ, ಆಮೇಲೆ ಗಣಿ. 1942ರಲ್ಲಿ ಆಲ್ಬಿಯನ್ ರೋವರ್ಸ್ ಸೇರಿದ. ವಾರವಿಡೀ ನೆಲದಡಿಯ ಕೆಲಸ, ಶನಿವಾರ ಮ್ಯಾಚು. ರೋವರ್ಸ್ 1948ರಲ್ಲಿ ಮೇಲಿನ ಡಿವಿಷನ್‌ಗೆ ಹತ್ತಿತು, ಮರುವರ್ಷವೇ ಇಳಿಯಿತು. 1950ರಲ್ಲಿ ವೇಲ್ಸ್‌ನ ಲನೆತ್ಲಿಗೆ ಹೋದ. ಅದು ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನಲ್ಲೇ ಇಲ್ಲದ ತಂಡ. ಆದರೆ ವಾರಕ್ಕೆ 12 ಪೌಂಡ್ ಕೊಡುತ್ತೇವೆ ಅಂದರು. ಗಣಿ ಬಿಟ್ಟು ಪೂರ್ತಿ ಆಟವನ್ನೇ ನಂಬಿದ್ದು ಆಗಲೇ. ಅಷ್ಟರಲ್ಲಿ ಊರಲ್ಲಿದ್ದ ಮನೆಗೆ ಕಳ್ಳರು ನುಗ್ಗಿದರು. ಹೆಂಡತಿ ವಾಪಸ್ ಹೋಗೋಣ ಅಂದಳು.

ಇಲ್ಲಿ ಅದೃಷ್ಟ ಬಾಗಿಲು ತಟ್ಟಿತು. ಗ್ಲಾಸ್ಗೋದ ದೊಡ್ಡ ಕ್ಲಬ್ ಸೆಲ್ಟಿಕ್‌ನ ರಿಸರ್ವ್ (ಎರಡನೇ) ತಂಡದ ಹುಡುಗರ ಜೊತೆ ಆಡಲು ಒಬ್ಬ ಅನುಭವಸ್ಥ ಬೇಕಿತ್ತು. ಅಲ್ಲಿನ ಟ್ರೇನರ್ ಜಿಮ್ಮಿ ಗ್ರಿಬನ್‌ಗೆ ಸ್ಟೀನ್ ಹೆಸರು ನೆನಪಿತ್ತು. 1951ರ ಡಿಸೆಂಬರ್‌ನಲ್ಲಿ 1,200 ಪೌಂಡ್‌ಗೆ ಬಂದ. ಮುಖ್ಯ ತಂಡದ ಡಿಫೆಂಡರ್‌ಗಳು ಒಬ್ಬರ ಹಿಂದೆ ಒಬ್ಬರು ಗಾಯಗೊಂಡರು, ಇವನು ಒಳಗೆ ಬಂದ. ಮುಂದೆ ಕ್ಯಾಪ್ಟನ್ನೇ ಆಗಿಬಿಟ್ಟ. 1953ರ ಕಾರೊನೇಷನ್ ಕಪ್, 1954ರಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡೂ. 1955ರಲ್ಲಿ ಕಣಕಾಲಿಗೆ ಪೆಟ್ಟು. 1957ರಲ್ಲಿ ಆಟ ಮುಗಿಯಿತು, ಕುಂಟು ಮಾತ್ರ ಕೊನೆವರೆಗೂ ಹೋಗಲಿಲ್ಲ. ಸ್ಕಾಟ್ಲೆಂಡ್‌ಗೆ ಒಂದೇ ಒಂದು ಪೂರ್ಣ ಅಂತಾರಾಷ್ಟ್ರೀಯ ಪಂದ್ಯವನ್ನೂ ಆಡಲಿಲ್ಲ.

ಇಂಥವನು ಮ್ಯಾನೇಜರ್ ಆಗಿ ಸೆಲ್ಟಿಕ್‌ಗೆ 10 ಲೀಗ್, 8 ಸ್ಕಾಟಿಷ್ ಕಪ್, 6 ಲೀಗ್ ಕಪ್, ಒಂದು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ತಂದ. ನನ್ನ ವಾದ ಇಷ್ಟೇ: ಯಾರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು ಇವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ವಿದ್ಯೆ ಸೆಲ್ಟಿಕ್ ಮ್ಯಾನೇಜರ್ ಆದಮೇಲೆ ಬಂದದ್ದಲ್ಲ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಬಂದದ್ದು. ಏನಂತೀರಿ?

ಅಂಕಿ_ಅನಂತ

ಹಳೇಬೂಟು ಸರ್, ಬರಹ ಚೆನ್ನಾಗಿದೆ. ಆದರೆ ನಾನು ತಣ್ಣೀರು ಎರಚುತ್ತೇನೆ, ಬೇಜಾರು ಮಾಡ್ಕೋಬೇಡಿ. ಸ್ಕಾಟ್ಲೆಂಡ್ ಲೀಗ್ ಅಂದರೆ ಎರಡು ತಂಡಗಳ ಲೀಗ್. ಸೆಲ್ಟಿಕ್, ಇಲ್ಲಾಂದ್ರೆ ರೇಂಜರ್ಸ್. ಅಲ್ಲಿ ಸತತ 9 ಲೀಗ್ ಗೆದ್ದರೆ ಅದು ಅಷ್ಟೇನು ದೊಡ್ಡ ಮಾತು? ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ತೋರಿಸಬೇಕಿತ್ತು. ಮಾಡಿದ್ದು ಎಷ್ಟು? ಲೀಡ್ಸ್‌ನಲ್ಲಿ 44 ದಿನ.

ಗ್ಲಾಸ್ಗೋ_ಗೌಡ್ತಿ

ಅನಂತ್, ನೀವು ಇವತ್ತಿನ ಟೇಬಲ್ ನೋಡಿ, ಸ್ಟೀನ್ ಸೆಲ್ಟಿಕ್ ಮ್ಯಾನೇಜರ್ ಆದ 1965ರ ಬಗ್ಗೆ ಮಾತಾಡ್ತಿದ್ದೀರಿ. ಆಗಿನ ಟೇಬಲ್ ತೆಗೆದು ನೋಡಿ. 1958ರಲ್ಲಿ ಮತ್ತು 1960ರಲ್ಲಿ ಹಾರ್ಟ್ಸ್ ಚಾಂಪಿಯನ್. 1962ರಲ್ಲಿ ಡಂಡೀ. 1965ರಲ್ಲಿ ಕಿಲ್ಮಾರ್ನಾಕ್. ಆ ಡಂಡೀ ಮರುವರ್ಷ ಯುರೋಪಿಯನ್ ಕಪ್ ಸೆಮಿಫೈನಲ್ ತನಕ ಹೋಯಿತು. 1966ರಲ್ಲಿ ಡಂಡೀ ಯುನೈಟೆಡ್ ಬಾರ್ಸಿಲೋನಾವನ್ನು ಅವರ ಊರಲ್ಲೂ ಸೋಲಿಸಿತು, ತನ್ನ ಊರಲ್ಲೂ ಸೋಲಿಸಿತು. 1967ರಲ್ಲಿ ಸೆಲ್ಟಿಕ್ ಯುರೋಪಿಯನ್ ಕಪ್ ಗೆದ್ದ ಮುಂದಿನ ವಾರವೇ ರೇಂಜರ್ಸ್ ಇನ್ನೊಂದು ಯುರೋಪಿಯನ್ ಫೈನಲ್ ಆಡಿ ಬಯರ್ನ್ ಮ್ಯೂನಿಕ್‌ಗೆ ಎಕ್ಸ್‌ಟ್ರಾ ಟೈಮ್‌ನಲ್ಲಿ 1-0ರಿಂದ ಸೋತಿತು. ಇದು ನಿಮ್ಮ ಎರಡು ತಂಡದ ಲೀಗಾ?

ಅದೇ ಸಮಯದಲ್ಲಿ ಸೆಲ್ಟಿಕ್ ಸ್ಥಿತಿ ಏನಿತ್ತು ಗೊತ್ತಾ? 1957ರ ಲೀಗ್ ಕಪ್ ಫೈನಲ್‌ನಲ್ಲಿ ರೇಂಜರ್ಸ್‌ಗೆ 7-1 ಬಾರಿಸಿದ ಮೇಲೆ ಏಳೂವರೆ ವರ್ಷ ಒಂದು ದೊಡ್ಡ ಕಪ್ಪೂ ಇಲ್ಲ. ಲೀಗ್ ಗೆದ್ದು 11 ವರ್ಷ ಆಗಿತ್ತು, ಆ ಲೀಗ್ ಗೆದ್ದ ಕ್ಯಾಪ್ಟನ್ ಇದೇ ಸ್ಟೀನ್! ಎರಡು ತಂಡದ ಲೀಗ್ ಆಯಿತು ಅನ್ನುವುದಕ್ಕಿಂತ ಸ್ಟೀನ್ ಬಂದು ಒಂದೇ ತಂಡದ ಲೀಗ್ ಮಾಡಿಟ್ಟ ಅನ್ನಿ.

ಪುಟ್ಟಣ್ಣ_ಕೆಜಿಎಫ್

ಗೌಡ್ತಿ ಅಕ್ಕ ಸರಿಯಾಗಿ ಹೇಳಿದ್ರು 👏

ನನಗೆ ಫುಟ್‌ಬಾಲ್ ಜಾಸ್ತಿ ಗೊತ್ತಿಲ್ಲ. ಗಣಿ ಗೊತ್ತು. ನಮ್ಮ ತಂದೆ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಕೆಳಗೆ ಇಳಿದ ಮೇಲೆ ಪಕ್ಕದವನು ಯಾವ ಜಾತಿ, ಯಾವ ದೇವರು ಅಂತ ಯಾರೂ ಕೇಳಲ್ಲ, ಅವನು ತನ್ನ ಕೆಲಸ ನೆಟ್ಟಗೆ ಮಾಡ್ತಾನಾ ಅಂತ ಮಾತ್ರ ನೋಡ್ತಾರೆ ಅನ್ನೋರು. ಸ್ಟೀನ್ ಕೂಡ ಗಣಿಯವರಷ್ಟು ಒಳ್ಳೆ ಜನ ತನಗೆ ಮತ್ತೆಲ್ಲೂ ಸಿಗಲಿಲ್ಲ ಅಂತ ಹೇಳ್ತಿದ್ದನಂತೆ. ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಮ್ಯಾಟ್ ಬಸ್ಬಿ, ಲಿವರ್‌ಪೂಲ್ ಮ್ಯಾನೇಜರ್ ಬಿಲ್ ಶ್ಯಾಂಕ್ಲಿ, ಸ್ಟೀನ್, ಮೂವರೂ ಸ್ಕಾಟ್ಲೆಂಡಿನ ಗಣಿ ಹಳ್ಳಿಗಳಿಂದ ಬಂದವರು, ಮೂವರೂ ಗಣಿಗೆ ಇಳಿದವರು. ಇದು ಸುಮ್ನೆ ಕಾಕತಾಳೀಯ ಅಂತ ನನಗೆ ಅನಿಸಲ್ಲ.

ಆಸ್ಟಿನ್‌ಟೌನ್_ಬ್ಯಾಕ್

ನಾನು ಬೆಂಗಳೂರಲ್ಲಿ ಚಿಕ್ಕ ಹುಡುಗರಿಗೆ ಕೋಚಿಂಗ್ ಕೊಡುತ್ತೇನೆ. ನಾನೂ ಸ್ಟಾಪರ್ ಬ್ಯಾಕ್ ಆಡಿದವನೇ. ಹಳೇಬೂಟು ಅವರ ಮಾತಿಗೆ ನನ್ನ ಓಟು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಸ್ಟೀನ್ ಆಟ ಬಿಟ್ಟ ಮೇಲೆ ಸೆಲ್ಟಿಕ್ ಅವನಿಗೆ ರಿಸರ್ವ್ ಹುಡುಗರನ್ನು ಒಪ್ಪಿಸಿತು. ಅಲ್ಲಿ ಬಿಲ್ಲಿ ಮೆಕ್‌ನೀಲ್ ಇದ್ದ, ಪ್ಯಾಟ್ ಕ್ರೆರಂಡ್ ಇದ್ದ, ಜಾನ್ ಕ್ಲಾರ್ಕ್ ಇದ್ದ. ಆ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ ತರಬೇತಿ ಅಂದರೆ ಮೈದಾನದ ಸುತ್ತ ಓಡುವುದು. ಚೆಂಡು ಕೊಟ್ಟರೆ ಶನಿವಾರದ ಹೊತ್ತಿಗೆ ಹಸಿವು ಇರಲ್ಲ ಅನ್ನುವ ನಂಬಿಕೆ ಬೇರೆ! ಸ್ಟೀನ್ ಚೆಂಡು ಕೊಟ್ಟು ಆಡಿಸಿದ. ಯಾಕೆ ಅಂದರೆ 1954ರ ವರ್ಲ್ಡ್ ಕಪ್‌ಗೆ ಸೆಲ್ಟಿಕ್ ಚೇರ್ಮನ್ ರಾಬರ್ಟ್ ಕೆಲ್ಲಿ ತನ್ನ ಆಟಗಾರರನ್ನು ಸ್ವಿಟ್ಜರ್‌ಲೆಂಡಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಸ್ಕಾಟ್ಲೆಂಡ್ ಉರುಗ್ವೆ ಕೈಲಿ 7-0 ತಿಂದಿತು. ಪುಷ್ಕಾಸ್‌ನ ಹಂಗೇರಿ ಆಡಿದ್ದನ್ನೂ ಸ್ಟೀನ್ ಕಣ್ಣಾರೆ ಕಂಡ. ಉಳಿದವರಿಗೆ ಅದು ಪ್ರವಾಸ, ಇವನಿಗೆ ಪಾಠ.

1960ರ ಮಾರ್ಚ್‌ನಲ್ಲಿ ಡನ್‌ಫರ್ಮ್‌ಲಿನ್ ಕರೆಯಿತು. ಕೆಳಗೆ ಬೀಳುವ ತಂಡ. ಮೊದಲ ಮ್ಯಾಚೇ ಸೆಲ್ಟಿಕ್ ವಿರುದ್ಧ, 3-2 ಗೆದ್ದರು. ಸಾಲಾಗಿ ಆರು ಗೆದ್ದು ಬಚಾವಾದರು. ಮರುವರ್ಷ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಮತ್ತೆ ಸೆಲ್ಟಿಕ್. ಮೊದಲ ದಿನ 0-0. ರೀಪ್ಲೇಯಲ್ಲಿ ಗೋಲ್‌ಕೀಪರ್ ಎಡ್ಡಿ ಕೊನಾಕನ್ ಗೋಡೆಯ ಹಾಗೆ ನಿಂತ, ಡನ್‌ಫರ್ಮ್‌ಲಿನ್ 2-0. ಆ ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಸ್ಕಾಟಿಷ್ ಕಪ್. ಇನ್ನೊಂದು ಫಲಿತಾಂಶ ನೋಡಿ: 1962ರಲ್ಲಿ ಯುರೋಪಿನ ಫೇರ್ಸ್ ಕಪ್‌ನಲ್ಲಿ ವೆಲೆನ್ಸಿಯಾಗೆ ಅಲ್ಲಿ 4-0 ಸೋತು ಬಂದು ಇಲ್ಲಿ 6-2 ಗೆದ್ದರು. ಪ್ಲೇಆಫ್‌ನಲ್ಲಿ ಒಂದು ಗೋಲಿನಿಂದ ಸೋತರು. ಆ ಪ್ಲೇಆಫ್ ನಡೆದ ಊರು ಲಿಸ್ಬನ್, ಮುಂದೆ 1967ರಲ್ಲಿ ಸೆಲ್ಟಿಕ್ ಯುರೋಪಿಯನ್ ಕಪ್ ಗೆದ್ದ ಅದೇ ಊರು!

1963ರಲ್ಲಿ ಕಿಲ್ಮಾರ್ನಾಕ್ ಮ್ಯಾನೇಜರ್ ವಿಲ್ಲಿ ವಾಡೆಲ್ ಜೊತೆ ಇಟಲಿಗೆ ಹೋಗಿ ಇಂಟರ್ ಮಿಲಾನ್‌ನಲ್ಲಿ ಮ್ಯಾನೇಜರ್ ಹೆಲೆನಿಯೊ ಹೆರೆರಾ ಹೇಗೆ ಕೆಲಸ ಮಾಡುತ್ತಾನೆ ಅಂತ ನೋಡಿ ಬಂದ. ನಾಲ್ಕು ವರ್ಷದ ನಂತರ ಅದೇ ಹೆರೆರಾ, ಅದೇ ಇಂಟರ್, ಲಿಸ್ಬನ್ ಫೈನಲ್‌ನಲ್ಲಿ ಎದುರಿಗೆ. ಎದುರಾಳಿಯ ಅಡುಗೆಮನೆ ನೋಡಿಕೊಂಡು ಬಂದವನ ಹತ್ತಿರ ಹೆರೆರಾಗೆ ಮುಚ್ಚಿಡುವುದು ಏನಿತ್ತು?

ಹೊಸಬ_2

ಅಣ್ಣ, ಡನ್‌ಫರ್ಮ್‌ಲಿನ್‌ನಿಂದ ನೇರ ಸೆಲ್ಟಿಕ್‌ಗಾ?

ಆಸ್ಟಿನ್‌ಟೌನ್_ಬ್ಯಾಕ್

ಇಲ್ಲ ತಮ್ಮ, ಮಧ್ಯೆ ಹಿಬರ್ನಿಯನ್. 1964ರ ಏಪ್ರಿಲ್‌ನಲ್ಲಿ ಹೋದ, ಒಂದು ವರ್ಷವೂ ಇರಲಿಲ್ಲ. ಅಷ್ಟರಲ್ಲೇ ಸಮ್ಮರ್ ಕಪ್ ಗೆದ್ದರು. ಒಂದು ಫ್ರೆಂಡ್ಲಿಯಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 2-0 ಸೋಲಿಸಿದರು.

ಗ್ಲಾಸ್ಗೋ_ಗೌಡ್ತಿ

ಸೆಲ್ಟಿಕ್‌ಗೆ ವಾಪಸ್ ಬಂದ ಕಥೆ ಹೇಳಲೇಬೇಕು. ಈ ಊರಲ್ಲಿ ಇರುವವರಿಗೆ ಮಾತ್ರ ಅದರ ತೂಕ ಗೊತ್ತಾಗುವುದು.

ಸೆಲ್ಟಿಕ್ ಅಂದರೆ ಐರಿಷ್ ಕ್ಯಾಥೊಲಿಕರ ಕ್ಲಬ್. ರೇಂಜರ್ಸ್ ಪ್ರೊಟೆಸ್ಟೆಂಟರದ್ದು. ಸ್ಟೀನ್ ಪ್ರೊಟೆಸ್ಟೆಂಟ್. ಹುಟ್ಟಿದ ಊರು, ಮನೆ, ಅಪ್ಪ ಎಲ್ಲ ರೇಂಜರ್ಸ್ ಕಡೆ. 1951ರಲ್ಲಿ ಸೆಲ್ಟಿಕ್ ಸೇರಿದಾಗಲೇ ಹಳೆಯ ಸ್ನೇಹಿತರು ಮಾತು ಬಿಟ್ಟಿದ್ದರು. ಅದು ಆಟಗಾರನಾಗಿ. ಮ್ಯಾನೇಜರ್ ಕುರ್ಚಿ ಬೇರೆಯೇ ಮಾತು. ಅಲ್ಲಿ ತನಕ ಸೆಲ್ಟಿಕ್‌ಗೆ ಇದ್ದದ್ದೇ ಮೂವರು ಮ್ಯಾನೇಜರ್‌ಗಳು: ವಿಲ್ಲಿ ಮೇಲಿ, ಜಿಮ್ಮಿ ಮೆಕ್‌ಸ್ಟೇ, ಜಿಮ್ಮಿ ಮೆಕ್‌ಗ್ರೋರಿ. ಮೂವರೂ ಕ್ಯಾಥೊಲಿಕರು. 1960ರಲ್ಲಿ ಸ್ಟೀನ್ ಬಿಟ್ಟುಹೋಗಿದ್ದಕ್ಕೆ ಒಂದು ಕಾರಣ ಇಲ್ಲಿ ತಾನು ಇದಕ್ಕಿಂತ ಮೇಲೆ ಏರಲಾರೆ ಅನ್ನುವ ಅನಿಸಿಕೆ.

1965ರಲ್ಲಿ ಚೇರ್ಮನ್ ಕೆಲ್ಲಿ ಕರೆದ. ಆದರೆ ಹೇಗೆ ಕರೆದ ನೋಡಿ. ಮೊದಲು, ಕ್ಲಬ್ಬಿನಲ್ಲೇ ಇದ್ದ ಕೋಚ್ ಷಾನ್ ಫ್ಯಾಲನ್ ಕೈಕೆಳಗೆ ಇರು ಅಂದ. ಆಮೇಲೆ ಇಬ್ಬರೂ ಸೇರಿ ನಡೆಸಿ ಅಂದ. ಸ್ಟೀನ್ ಎರಡಕ್ಕೂ ಒಪ್ಪಲಿಲ್ಲ. ಇಂಗ್ಲೆಂಡಿನ ವುಲ್ವ್ಸ್ ಕ್ಲಬ್ಬಿನ ಕೆಲಸ ತನಗೆ ಸಿಗುವ ಹಾಗಿದೆ ಅಂತ ಕಿವಿಗೆ ಹಾಕಿದ. ಆಗ ಪೂರ್ತಿ ಅಧಿಕಾರ ಕೊಟ್ಟರು. ಅಲ್ಲಿ ತನಕ ತಂಡ ಆರಿಸುತ್ತಿದ್ದದ್ದು ಹೆಚ್ಚುಕಮ್ಮಿ ಕೆಲ್ಲಿಯೇ. ಅದು ಆ ದಿನಕ್ಕೆ ನಿಂತಿತು. ಫ್ಯಾಲನ್ ಮುನಿಸಿಕೊಳ್ಳದೆ ಅಸಿಸ್ಟೆಂಟ್ ಆದ ಅನ್ನುವುದನ್ನೂ ಹೇಳಬೇಕು, ಅವನ ದೊಡ್ಡತನ ಅದು.

ಇನ್ನೊಂದು ಮಾತು ಈ ಊರಲ್ಲಿ ಇವತ್ತಿಗೂ ನಗುತ್ತಾ ಹೇಳುತ್ತಾರೆ. ಒಬ್ಬ ಕ್ಯಾಥೊಲಿಕ್ ಹುಡುಗ, ಒಬ್ಬ ಪ್ರೊಟೆಸ್ಟೆಂಟ್ ಹುಡುಗ, ಇಬ್ಬರೂ ಒಂದೇ ಮಟ್ಟದ ಆಟಗಾರರು ಅಂದರೆ ಸ್ಟೀನ್ ಪ್ರೊಟೆಸ್ಟೆಂಟ್ ಹುಡುಗನನ್ನು ತಗೊಳ್ಳುತ್ತಿದ್ದನಂತೆ. ಯಾಕೆ? ಕ್ಯಾಥೊಲಿಕ್ ಹುಡುಗನನ್ನು ಆಗ ರೇಂಜರ್ಸ್ ಹೇಗೂ ಮುಟ್ಟುತ್ತಿರಲಿಲ್ಲ!

ಹಳೇಬೂಟು

ಗೌಡ್ತಿ ಮೇಡಂ, ಅದಕ್ಕೆ ಸೇರಿಸುತ್ತೇನೆ. 1972ರಲ್ಲಿ ಸ್ಟರ್ಲಿಂಗ್‌ನಲ್ಲಿ ಸೆಲ್ಟಿಕ್ ಅಭಿಮಾನಿಗಳು ಐಆರ್‌ಎ (ಐರಿಷ್ ಸಶಸ್ತ್ರ ಸಂಘಟನೆ) ಹಾಡು ಹಾಡುತ್ತಿದ್ದರು. ಮ್ಯಾಚ್ ನಡೆಯುತ್ತಿರುವಾಗಲೇ ಸ್ಟೀನ್ ಬೆಂಚಿನಿಂದ ಎದ್ದು ಗುಂಪಿನೊಳಗೆ ನುಗ್ಗಿ ಬೈದು ನಿಲ್ಲಿಸಿದ. ತನ್ನ ಜನಕ್ಕೆ ತಾನೇ ಬೈಯುವ ಧೈರ್ಯ ಎಷ್ಟು ಮ್ಯಾನೇಜರ್‌ಗಳಿಗಿದೆ? 1971ರ ಜನವರಿ 2ರಂದು ಐಬ್ರಾಕ್ಸ್ ಮೈದಾನದ ಮೆಟ್ಟಿಲಲ್ಲಿ ಕಾಲ್ತುಳಿತಕ್ಕೆ 66 ರೇಂಜರ್ಸ್ ಅಭಿಮಾನಿಗಳು ಸತ್ತರು. ಅವತ್ತೂ ಸ್ಟ್ರೆಚರ್ ಕೆಲಸಕ್ಕೆ ಸ್ಟೀನ್ ಕೈ ಹಾಕಿದ.

ಅಂಕಿ_ಅನಂತ

ಸರಿ, ಲೀಗ್ ಬಗ್ಗೆ ನಿಮ್ಮ ಲೆಕ್ಕ ಒಪ್ಪುತ್ತೇನೆ. ಆದರೆ "ಯಾರನ್ನು ಎಲ್ಲಿ ನಿಲ್ಲಿಸಬೇಕು ಗೊತ್ತಿತ್ತು" ಅನ್ನುವ ಮಾತು ಗಾಳಿಯಲ್ಲಿದೆ. ಎಲ್ಲ ಮ್ಯಾನೇಜರ್‌ಗೂ ಅದನ್ನೇ ಹೇಳುತ್ತಾರೆ. ಹೆಸರು ಕೊಡಿ. ಯಾರು, ಎಲ್ಲಿಂದ ಎಲ್ಲಿಗೆ?

ಆಸ್ಟಿನ್‌ಟೌನ್_ಬ್ಯಾಕ್

ತಗೊಳ್ಳಿ.

ಬಾಬಿ ಮರ್ಡಾಕ್. ಮೊದಲು ಮುಂಚೂಣಿಯಲ್ಲಿ ಇನ್‌ಸೈಡ್ ಫಾರ್ವರ್ಡ್ ಆಡುತ್ತಿದ್ದ. ಹಿಂದಕ್ಕೆ ಎಳೆದು ಮಿಡ್‌ಫೀಲ್ಡ್‌ಗೆ ಹಾಕಿದ. ಇಡೀ ತಂಡದ ಪಾಸ್‌ಗಳೆಲ್ಲ ಅವನ ಕಾಲಿನಿಂದ ಹೊರಡಲು ಶುರುವಾದವು.

ಬರ್ಟಿ ಆಲ್ಡ್. ಮೈದಾನದ ಎಡ ಅಂಚಿನಲ್ಲಿ ಆಡುವ ವಿಂಗರ್, ಜಗಳಗಂಟ. ಸ್ಟೀನ್ ಬಂದ ಕೂಡಲೇ ಏರ್‌ಡ್ರಿ ವಿರುದ್ಧ 6-0 ಗೆದ್ದರಲ್ಲ, ಅದರಲ್ಲಿ ಐದು ಗೋಲು ಈತನದ್ದು. ಬೇರೆ ಯಾರಾದರೂ ಆಗಿದ್ದರೆ ಅವನನ್ನು ವಿಂಗ್‌ನಿಂದ ಅಲ್ಲಾಡಿಸುತ್ತಿರಲಿಲ್ಲ. 1966ರ ಬೇಸಿಗೆಯಲ್ಲಿ ತಂಡ ಐದು ವಾರ ಅಮೆರಿಕ ಪ್ರವಾಸ ಹೋಯಿತು. ಒಂದೂ ಸೋಲಲಿಲ್ಲ. ಹೊಸ ಜೋಡಣೆಗಳನ್ನೆಲ್ಲ ಸ್ಟೀನ್ ಅಲ್ಲೇ ಪರೀಕ್ಷಿಸಿದ. ವಾಪಸ್ ಬಂದಾಗ ಆಲ್ಡ್ ಮಧ್ಯದಲ್ಲಿ ಮರ್ಡಾಕ್ ಪಕ್ಕ ನಿಂತಿದ್ದ.

ಟಾಮಿ ಗೆಮೆಲ್. ಬಲಗಾಲಿನವನು, ಆಡಿದ್ದು ಎಡ ಬ್ಯಾಕ್. ಒಳಗೆ ತಿರುಗಿ ಬಲಗಾಲಲ್ಲಿ ಹೊಡೆದರೆ ಗುಂಡು. ಲಿಸ್ಬನ್‌ನಲ್ಲಿ ಸಮ ಮಾಡಿದ ಗೋಲು ಇವನದ್ದೇ.

ನನ್ನ ಮೆಚ್ಚಿನವನು ರಾನಿ ಸಿಂಪ್ಸನ್. ನ್ಯೂಕಾಸಲ್ ಜೊತೆ 1952ರಲ್ಲಿ, 1955ರಲ್ಲಿ ಎಫ್‌ಎ ಕಪ್ ಗೆದ್ದ ಹಳೇ ಗೋಲ್‌ಕೀಪರ್. ಸ್ಟೀನ್ ಹಿಬರ್ನಿಯನ್‌ನಲ್ಲಿದ್ದಾಗ ಈತ ಬೇಡ ಅಂತ ಸೆಲ್ಟಿಕ್‌ಗೆ ಮಾರಿದ್ದ. ಆರು ತಿಂಗಳಿಗೆ ಅದೇ ಸ್ಟೀನ್ ಹಿಂದೆಯೇ ಸೆಲ್ಟಿಕ್‌ಗೆ ಬಂದ! ಸಿಂಪ್ಸನ್ ಗಂಟುಮೂಟೆ ಕಟ್ಟಲು ರೆಡಿಯಾಗಿರಬೇಕು. ಸ್ಟೀನ್ ಅವನನ್ನು ಮತ್ತೆ ನೋಡಿದ, ಮನಸ್ಸು ಬದಲಿಸಿದ, ಆಡಿಸಿದ. 36ನೇ ವಯಸ್ಸಿನಲ್ಲಿ ಯುರೋಪಿಯನ್ ಕಪ್ ಸಿಕ್ಕಿತು. ತಾನೇ ಮಾರಿದ ಸರಕನ್ನು ಹೀಗೆ ಒಪ್ಪಿಕೊಳ್ಳುವ ಮ್ಯಾನೇಜರ್ ಎಲ್ಲಿ ಸಿಗುತ್ತಾನೆ ಹೇಳಿ.

ಸಾಕಾ ಅನಂತ್?

ಅಂಕಿ_ಅನಂತ

ಸಾಕು ಮಾರಾಯ್ರೆ 😄

ಹೊಸಬ_2

ಜಿಮ್ಮಿ ಜಾನ್‌ಸ್ಟನ್ ವಿಮಾನದ ಕಥೆ ಯಾರಾದರೂ ಹೇಳಿ ಪ್ಲೀಸ್. ಅರ್ಧ ಕೇಳಿದ್ದೇನೆ.

ಹಳೇಬೂಟು

ಅದು ಹಬ್ಬ. ಜಾನ್‌ಸ್ಟನ್ ಬಲಗಡೆ ವಿಂಗರ್. ಕುಳ್ಳ, ಕೆಂಪು ಕೂದಲು, ಚೆಂಡು ಸಿಕ್ಕರೆ ಡಿಫೆಂಡರ್‌ಗಳಿಗೆ ತಲೆ ತಿರುಗಬೇಕು. ವಿಮಾನ ಅಂದರೆ ಜೀವ ಬಾಯಿಗೆ. 1968ರ ನವೆಂಬರ್‌ನಲ್ಲಿ ಯುರೋಪಿಯನ್ ಕಪ್‌ನಲ್ಲಿ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ಎದುರಾಳಿ. ಮೊದಲ ಪಂದ್ಯ ಗ್ಲಾಸ್ಗೋದಲ್ಲಿ. ಹಾಫ್‌ಟೈಮ್‌ಗೆ 1-1. ನಾಲ್ಕು ಗೋಲಿನ ಅಂತರದಲ್ಲಿ ಗೆದ್ದರೆ ನೀನು ಬೆಲ್‌ಗ್ರೇಡ್‌ಗೆ ಬರುವುದೇ ಬೇಡ, ಮನೆಯಲ್ಲಿರು ಅಂತ ಸ್ಟೀನ್ ಮಾತು ಕೊಟ್ಟ. ಅಷ್ಟೇ. ಎರಡನೇ ಅರ್ಧದಲ್ಲಿ ಜಾನ್‌ಸ್ಟನ್‌ಗೆ ದೇವರು ಬಂದಂತೆ ಆಯಿತು. ತಾನೇ ಗೋಲು ಹೊಡೆದ, ಬೇರೆಯವರ ಕೈಲೂ ಹೊಡೆಸಿದ. ಸ್ಕೋರು 5-1. ಲೆಕ್ಕ ಸರಿಯಾಗಿ ನಾಲ್ಕು! ಸ್ಟೀನ್ ಮಾತು ಉಳಿಸಿಕೊಂಡ, ಜಾನ್‌ಸ್ಟನ್ ಇಲ್ಲದೆ ಅಲ್ಲಿ 1-1 ಮಾಡಿಕೊಂಡು ಬಂದರು.

ಇದನ್ನು ಬರೀ ತಮಾಷೆ ಅಂತ ಓದಬೇಡಿ. ಎದೆ ತಟ್ಟಿ ಭಾಷಣ ಮಾಡುವುದು ಎಲ್ಲರಿಗೂ ಬರುತ್ತದೆ. ಈ ಒಬ್ಬನಿಗೆ ಏನು ಬೇಕು ಅಂತ ಗೊತ್ತಿರಬೇಕಲ್ಲ.

ಕಾಲ್ಚೆಂಡು_ಕುಮಾರ

ಈಗಷ್ಟೇ ಥ್ರೆಡ್ ನೋಡಿದೆ. ಸೆಲ್ಟಿಕ್‌ಗೂ ನಮ್ಮ ದೇಶಕ್ಕೂ ಒಂದು ನಂಟಿದೆ, ಯಾರೂ ಹೇಳಲಿಲ್ಲ. 1936ರಲ್ಲಿ ಕಲ್ಕತ್ತಾದ ಮೊಹಮ್ಮದ್ ಸಲೀಂ ಸೆಲ್ಟಿಕ್ ರಿಸರ್ವ್ ತಂಡಕ್ಕೆ ಎರಡು ಮ್ಯಾಚ್ ಆಡಿದ. ಬೂಟು ಇಲ್ಲ, ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು! ಗ್ಯಾಲ್‌ಸ್ಟನ್ ವಿರುದ್ಧ 7-1 ಗೆದ್ದರು. ಆಗ ಮ್ಯಾನೇಜರ್ ವಿಲ್ಲಿ ಮೇಲಿ. ಊರ ನೆನಪಾಗಿ ಸಲೀಂ ವಾಪಸ್ ಬಂದುಬಿಟ್ಟ.

ಮಾಡರೇಟರ್_ಮಲ್ಲಿ

ಕುಮಾರ್, ಚಂದದ ವಿಷಯ. ಸಲೀಂಗೆ ಬೇರೆ ಥ್ರೆಡ್ ತೆಗೆಯಿರಿ, ಎಲ್ಲರೂ ಬರುತ್ತಾರೆ. ಇಲ್ಲಿ ಸ್ಟೀನ್ ಮುಂದುವರಿಯಲಿ.

ಪುಟ್ಟಣ್ಣ_ಕೆಜಿಎಫ್

ಲಿಸ್ಬನ್ ಲಿಸ್ಬನ್ ಅಂತಿದ್ದೀರಲ್ಲ, ಆ ಮ್ಯಾಚಲ್ಲಿ ಏನಾಯ್ತು ಅಂತ ಯಾರೂ ಬರೀಲೇ ಇಲ್ಲ. ನನ್ನಂಥವರಿಗೆ ಹೇಳಿ.

ಗ್ಲಾಸ್ಗೋ_ಗೌಡ್ತಿ

1967ರ ಮೇ 25. ಲಿಸ್ಬನ್‌ನ ನ್ಯಾಷನಲ್ ಸ್ಟೇಡಿಯಂ. ಇಂಟರ್ ಅಂದರೆ 1964, 1965 ಎರಡೂ ವರ್ಷದ ಚಾಂಪಿಯನ್. ಬಾಗಿಲು ಹಾಕಿಕೊಂಡು ಆಡುವ ತಂಡ. ಒಂದು ಗೋಲು ಹೊಡೆದರೆ ಮುಗೀತು, ಉಳಿದ ಹೊತ್ತು ಚಿಲಕ. ಸೆಲ್ಟಿಕ್ ಕಡೆ ಹನ್ನೊಂದು ಜನವೂ ಗ್ಲಾಸ್ಗೋದಿಂದ 30 ಮೈಲಿ ಒಳಗೆ ಹುಟ್ಟಿದವರು. ಹನ್ನೊಂದೂ ಜನ! ಇವತ್ತು ಯಾವ ದೊಡ್ಡ ಕ್ಲಬ್ಬೂ ಇದನ್ನು ಕನಸಲ್ಲೂ ಮಾಡಲಾರದು.

ಏಳನೇ ನಿಮಿಷದಲ್ಲೇ ಪೆನಾಲ್ಟಿ. ಜಿಮ್ ಕ್ರೇಗ್ ಎದುರಾಳಿಯನ್ನು ಬೀಳಿಸಿದ ಅಂತ ರೆಫರಿ ಶಿಳ್ಳೆ ಹೊಡೆದ. ಮಝೋಲಾ ಗೋಲು ಹಾಕಿದ. ಇಂಟರ್‌ಗೆ ಬೇಕಾದದ್ದು ಸಿಕ್ಕಿತು, ಬಾಗಿಲು ಹಾಕಿತು. ಸೆಲ್ಟಿಕ್ ತಟ್ಟುತ್ತಲೇ ಇತ್ತು. ಚೆಂಡು ಎರಡು ಸಲ ಕ್ರಾಸ್‌ಬಾರ್‌ಗೆ ಬಡಿಯಿತು. ಇಂಟರ್‌ನ ಗೋಲ್‌ಕೀಪರ್ ಸಾರ್ತಿ ಏನೇನೋ ಹಿಡಿದ. 63ನೇ ನಿಮಿಷದಲ್ಲಿ ಅದೇ ಕ್ರೇಗ್ ಬಲಗಡೆಯಿಂದ ಚೆಂಡು ಒಳಗೆ ಕೊಟ್ಟ, ಗೆಮೆಲ್ ದೂರದಿಂದ ಹೊಡೆದ, ಬಲೆ. 84ರಲ್ಲಿ ಮರ್ಡಾಕ್ ಒದ್ದದ್ದನ್ನು ಸ್ಟೀವ್ ಚಾಮರ್ಸ್ ಗೋಲಿನ ಹತ್ತಿರ ತಿರುಗಿಸಿದ. 2-1. ಬ್ರಿಟನ್ನಿನ ಕ್ಲಬ್ಬೊಂದು ಯುರೋಪಿಯನ್ ಕಪ್ ಗೆದ್ದದ್ದು ಅದೇ ಮೊದಲು. ಬಸ್ಬಿಯ ಮ್ಯಾಂಚೆಸ್ಟರ್ ಯುನೈಟೆಡ್ ಗೆದ್ದದ್ದು ಮರುವರ್ಷ.

ಡ್ರೆಸ್ಸಿಂಗ್ ರೂಮಿಗೆ ಬಂದ ಶ್ಯಾಂಕ್ಲಿ "ಜಾನ್, ಇನ್ನು ನೀನು ಅಮರ" ಅಂದನಂತೆ. ಸ್ಟೀನ್‌ನ ನಿಜ ಹೆಸರು ಜಾನ್.

ಆ ಸೀಸನ್‌ನಲ್ಲಿ ಸೆಲ್ಟಿಕ್ ಆಡಿದ ಎಲ್ಲ ಟೂರ್ನಿಯನ್ನೂ ಗೆದ್ದಿತು: ಲೀಗ್, ಸ್ಕಾಟಿಷ್ ಕಪ್, ಲೀಗ್ ಕಪ್, ಗ್ಲಾಸ್ಗೋ ಕಪ್, ಇದು. ಅದೂ ಜೋ ಮೆಕ್‌ಬ್ರೈಡ್ ಅನ್ನುವ ಗೋಲ್ ಮೆಷಿನ್ ಡಿಸೆಂಬರ್‌ನಲ್ಲೇ ಗಾಯಗೊಂಡು ಹೊರಗೆ ಕೂತ ಮೇಲೆ.

ಅಂಕಿ_ಅನಂತ

ಚಂದ ಬರೆದಿರಿ. ಈಗ ನನ್ನ ಕೊನೇ ಬಾಣ. 1970ರ ಯುರೋಪಿಯನ್ ಕಪ್ ಫೈನಲ್. ಯಾರೂ ಬಾಯಿ ಬಿಡ್ತಿಲ್ಲ ಯಾಕೆ?

ಸೆಮಿಫೈನಲ್‌ನಲ್ಲಿ ಮ್ಯಾನೇಜರ್ ಡಾನ್ ರೆವಿಯ ಲೀಡ್ಸ್. ಅಲ್ಲಿ 1-0, ಗ್ಲಾಸ್ಗೋದ ಹ್ಯಾಂಪ್‌ಡೆನ್‌ನಲ್ಲಿ 1,36,505 ಜನರ ಮುಂದೆ 2-1. ಎರಡೂ ಸೆಲ್ಟಿಕ್ ಗೆದ್ದಿತು, ಭಲೇ. ಆಮೇಲೆ ಮೇ 6ಕ್ಕೆ ಮಿಲಾನ್‌ನಲ್ಲಿ ಫೈನಲ್, ಎದುರಿಗೆ ಹಾಲೆಂಡಿನ ಫೆಯನೂರ್ಡ್. ಗೆಮೆಲ್ ಮತ್ತೆ ಗೋಲು ಹೊಡೆದ. ಎರಡೇ ನಿಮಿಷಕ್ಕೆ ಫೆಯನೂರ್ಡ್ ಸಮ ಮಾಡಿತು. ಎಕ್ಸ್‌ಟ್ರಾ ಟೈಮ್ ಮುಗಿಯುವ ಹೊತ್ತಿಗೆ ಕಿಂಡ್ವಾಲ್ ಗೋಲು, 2-1. ಸ್ಕೋರು ನೋಡಿದರೆ ಹತ್ತಿರದ ಮ್ಯಾಚು ಅನಿಸುತ್ತೆ. ಆಟ ನೋಡಿದರೆ ಸೆಲ್ಟಿಕ್ ಕಾಲಡಿ ನೆಲವೇ ಇರಲಿಲ್ಲ. ಫೆಯನೂರ್ಡ್ ಮ್ಯಾನೇಜರ್ ಅರ್ನ್ಸ್ಟ್ ಹ್ಯಾಪಲ್ ಮಧ್ಯದಲ್ಲಿ ಮೂವರನ್ನು ಇಟ್ಟ. ಸ್ಟೀನ್ ಇಟ್ಟದ್ದು ಇಬ್ಬರನ್ನು, ಮರ್ಡಾಕ್ ಮತ್ತು ಆಲ್ಡ್. ಲೀಡ್ಸ್ ವಿರುದ್ಧ ಚೆನ್ನಾಗಿ ಆಡಿದ್ದ ಜಾರ್ಜ್ ಕಾನೆಲಿಯನ್ನು ಬೆಂಚಿಗೆ ಹಾಕಿದ. "ಯಾರನ್ನು ಎಲ್ಲಿ ನಿಲ್ಲಿಸಬೇಕು" ಅನ್ನುವ ವಿದ್ಯೆ ಅವತ್ತು ಎಲ್ಲಿ ಹೋಗಿತ್ತು ಗುರುಗಳೇ?

ಆಸ್ಟಿನ್‌ಟೌನ್_ಬ್ಯಾಕ್

ಇದಕ್ಕೆ ಉತ್ತರ ಇಲ್ಲ. ಬಾಣ ತಾಗಿತು. ಲೀಡ್ಸ್ ಸೋಲಿಸಿದಾಗಲೇ ಫೈನಲ್ ಮುಗೀತು ಅಂತ ಇಡೀ ಗ್ಲಾಸ್ಗೋ ಅಂದುಕೊಂಡಿತ್ತು, ಸ್ಟೀನ್ ಕೂಡ. ಲಿಸ್ಬನ್‌ನಲ್ಲಿ ಹೆರೆರಾ ಮಾಡಿದ ತಪ್ಪನ್ನೇ, ಅಂದರೆ ಎದುರಾಳಿಯನ್ನು ಸರಿಯಾಗಿ ತೂಗದೇ ಇರುವುದನ್ನು, ಇವನು ಮಿಲಾನ್‌ನಲ್ಲಿ ಮಾಡಿದ.

ಹಳೇಬೂಟು

ನಾನು ಸ್ವಲ್ಪ ಬೇರೆ ಥರ ನೋಡುತ್ತೇನೆ. 1967ರಲ್ಲಿ ಸ್ಟೀನ್ ಫುಟ್‌ಬಾಲ್‌ಗಿಂತ ಒಂದು ಹೆಜ್ಜೆ ಮುಂದಿದ್ದ. 1970ಕ್ಕೆ ಡಚ್ಚರು ಮುಂದೆ ಹೋದರು. ಮುಂದಿನ ಮೂರು ವರ್ಷ ಕಪ್ ಹಾಲೆಂಡಿನದೇ ಏಜಾಕ್ಸ್‌ದು. ಅಂದರೆ ಅದು ಒಂದು ರಾತ್ರಿಯ ತಪ್ಪು ಮಾತ್ರ ಅಲ್ಲ, ಕಾಲ ಮಗ್ಗುಲು ಬದಲಿಸುತ್ತಿತ್ತು. ಆದರೂ ಕಾನೆಲಿಯನ್ನು ಕೂರಿಸಿದ್ದಕ್ಕೆ ನನ್ನ ಹತ್ತಿರವೂ ಸಮಜಾಯಿಷಿ ಇಲ್ಲ.

ಅದಕ್ಕಿಂತ ನನಗೆ ನೋವು ಕೊಡುವುದು ಕೊನೆಯ ವರ್ಷಗಳು. 1975ರ ಜುಲೈನಲ್ಲಿ ರಜೆ ಮುಗಿಸಿ ಬರುವಾಗ ರಾಂಗ್ ಸೈಡಿನಲ್ಲಿ ಬಂದ ಕಾರು ಗುದ್ದಿತು. ಬದುಕಿದ್ದೇ ಹೆಚ್ಚು. ಒಂದು ಸೀಸನ್ ಪೂರ್ತಿ ಫ್ಯಾಲನ್ ತಂಡ ನೋಡಿಕೊಂಡ. ವಾಪಸ್ ಬಂದು 1977ರಲ್ಲಿ ಲೀಗ್, ಸ್ಕಾಟಿಷ್ ಕಪ್ ಎರಡೂ ಗೆದ್ದ. ಆ ಬೇಸಿಗೆಯಲ್ಲೇ ತಂಡದ ತಾರೆ ಕೆನ್ನಿ ಡಾಲ್‌ಗ್ಲಿಶ್ 4,40,000 ಪೌಂಡ್‌ಗೆ ಲಿವರ್‌ಪೂಲ್‌ಗೆ ಹೋದ. ಮುಂದಿನ ಸೀಸನ್ ತಂಡ ಐದನೇ ಸ್ಥಾನ. 1978ರಲ್ಲಿ ಕ್ಲಬ್ ಮೆಕ್‌ನೀಲ್‌ನನ್ನು ಮ್ಯಾನೇಜರ್ ಮಾಡಿ ಸ್ಟೀನ್‌ಗೆ ಡೈರೆಕ್ಟರ್ ಸ್ಥಾನ ಕೊಡುತ್ತೇವೆ ಅಂದಿತು. ಕೆಲಸ ಏನು? ಪೂಲ್ಸ್, ಅಂದರೆ ಕ್ಲಬ್ಬಿಗೆ ದುಡ್ಡು ತರುವ ಲಾಟರಿ ಥರದ ವ್ಯವಹಾರ. 25 ದೊಡ್ಡ ಕಪ್ ತಂದವನಿಗೆ ಟಿಕೆಟ್ ಮಾರುವ ಇಲಾಖೆ!

ಅದಕ್ಕೇ ಅನಂತ್, ನೀವು ಮೊದಲಲ್ಲಿ ಹೇಳಿದ ಲೀಡ್ಸ್‌ನ 44 ದಿನಗಳನ್ನು ಈ ಹಿನ್ನೆಲೆಯಲ್ಲಿ ನೋಡಿ. ಅವನು ಇಂಗ್ಲೆಂಡ್ ಗೆಲ್ಲಲು ಹೋದವನಲ್ಲ. ಮೈದಾನ ಬಿಡಲಾರದೆ ಹೋದವನು. 1971ರಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್ ಕರೆದಿತ್ತು, ಆಗ ಒಲ್ಲೆ ಅಂದಿದ್ದ. ಲೀಡ್ಸ್‌ನಲ್ಲಿರುವಾಗ ಸ್ಕಾಟ್ಲೆಂಡ್ ತಂಡದ ಕರೆ ಬಂತು, ಎದ್ದು ಹೊರಟ. ಮ್ಯಾನೇಜರ್ ಬ್ರಯನ್ ಕ್ಲಫ್ ಕೂಡ ಅದೇ ಕ್ಲಬ್ಬಿನಲ್ಲಿ 44 ದಿನ ಇದ್ದ, ಆದರೆ ಅವನನ್ನು ಓಡಿಸಿದರು. ಇವನು ತಾನಾಗೇ ಬಿಟ್ಟ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಗ್ಲಾಸ್ಗೋ_ಗೌಡ್ತಿ

ಪೂಲ್ಸ್ ವಿಷಯಕ್ಕೆ ಇಲ್ಲಿನ ಹಿರಿಯರು ಇವತ್ತಿಗೂ ಹಲ್ಲು ಕಡಿಯುತ್ತಾರೆ. ಈಗ ಸ್ಟೇಡಿಯಂ ಮುಂದೆ ಪ್ರತಿಮೆ ಇದೆ, ಒಂದು ಕಡೆಯ ಸ್ಟ್ಯಾಂಡ್‌ಗೆ ಅವನ ಹೆಸರಿದೆ. ಬದುಕಿದ್ದಾಗ ಕೊಡಬೇಕಾದದ್ದನ್ನು ಸತ್ತ ಮೇಲೆ ಕೊಡುವುದು ಎಲ್ಲ ಊರಿನ ಚಾಳಿ ಬಿಡಿ.

ಹೊಸಬ_2

ಸ್ಕಾಟ್ಲೆಂಡ್ ಮ್ಯಾನೇಜರ್ ಆಗಿ ಹೇಗೆ?

ಹಳೇಬೂಟು

ಪರವಾಗಿಲ್ಲ. 1982ರ ವರ್ಲ್ಡ್ ಕಪ್‌ಗೆ ಕರೆದುಕೊಂಡು ಹೋದ. ನ್ಯೂಜಿಲೆಂಡ್‌ಗೆ 5-2 ಗೆದ್ದರು, ಬ್ರೆಜಿಲ್‌ಗೆ 4-1 ಸೋತರು, ಸೋವಿಯತ್ ಯೂನಿಯನ್ ಜೊತೆ 2-2. ಗೋಲು ವ್ಯತ್ಯಾಸದಲ್ಲಿ ಹೊರಗೆ. ಕ್ಲಬ್ಬಿನಲ್ಲಿ ದಿನಾ ಹುಡುಗರ ಜೊತೆ ಇರುವವನಿಗೆ ವರ್ಷಕ್ಕೆ ಕೆಲವು ದಿನ ಸಿಗುವ ತಂಡ ಒಗ್ಗುವುದು ಕಷ್ಟ ಅಂತ ನನ್ನ ಅಭಿಪ್ರಾಯ.

1985ರ ಸೆಪ್ಟೆಂಬರ್ 10, ಕಾರ್ಡಿಫ್‌ನ ನಿನಿಯನ್ ಪಾರ್ಕ್. ವೇಲ್ಸ್ ಜೊತೆ ಡ್ರಾ ಆದರೂ ಮೆಕ್ಸಿಕೋ ವರ್ಲ್ಡ್ ಕಪ್‌ನ ಪ್ಲೇಆಫ್ ಸಿಗುತ್ತಿತ್ತು. ಮಾರ್ಕ್ ಹ್ಯೂಸ್ ವೇಲ್ಸ್‌ಗೆ ಗೋಲು ಹೊಡೆದ. 81ನೇ ನಿಮಿಷದಲ್ಲಿ ಡೇವಿ ಕೂಪರ್ ಪೆನಾಲ್ಟಿಯಿಂದ ಸಮ ಮಾಡಿದ. ಆಟ ಮುಗಿಯುವ ಹೊತ್ತಿಗೆ ಸ್ಟೀನ್ ಕುಸಿದ. ಹೃದಯದ ತೊಂದರೆ ಮೊದಲೇ ಇತ್ತು. ಸ್ಟೇಡಿಯಂನ ಮೆಡಿಕಲ್ ರೂಮಿನಲ್ಲೇ ಜೀವ ಹೋಯಿತು. 62 ವರ್ಷ. ಪ್ಲೇಆಫ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ತಂಡವನ್ನು ಮೆಕ್ಸಿಕೋಗೆ ಒಯ್ದದ್ದು ಫರ್ಗ್ಯೂಸನ್.

ಪುಟ್ಟಣ್ಣ_ಕೆಜಿಎಫ್

🙏

ಅಂಕಿ_ಅನಂತ

ಇಷ್ಟು ಓದಿದ ಮೇಲೆ ನನ್ನ ಪಟ್ಟಿ ಸ್ವಲ್ಪ ತಿದ್ದಿದ್ದೇನೆ. ಸ್ಟೀನ್ ಮೊದಲ ಐದರೊಳಗೆ. ಮೊದಲನೇ ಸ್ಥಾನ ಕೇಳಬೇಡಿ, 1970 ನನಗೆ ಅಡ್ಡ ಬರುತ್ತೆ.

ಹೊಸಬ_2

1967ರ ಫೈನಲ್ ವಿಡಿಯೋ ಸಿಕ್ಕಿತು. ಎರಡನೇ ಅರ್ಧ ಮಾತ್ರ ನೋಡಿದರೆ ಸಾಕಾ? ಸೆಲ್ಟಿಕ್ ಗೋಲೆಲ್ಲ ಅಲ್ಲೇ ಇರೋದಲ್ವಾ.

ಆಸ್ಟಿನ್‌ಟೌನ್_ಬ್ಯಾಕ್

ಬೇಡ ತಮ್ಮ, ಮೊದಲಿಂದ ನೋಡು. ಗೋಲು ಬಿಡು, ಗೆಮೆಲ್ ಮತ್ತು ಕ್ರೇಗ್ ಎಲ್ಲಿ ನಿಂತಿದ್ದಾರೆ ಅಂತ ನೋಡು. ಇಬ್ಬರೂ ಹೆಸರಿಗೆ ಬ್ಯಾಕ್‌ಗಳು, ಇರೋದು ಎದುರಾಳಿಯ ಅರ್ಧದಲ್ಲಿ. ಆಮೇಲೆ ಆ ಪೆನಾಲ್ಟಿ ಸರಿನಾ ತಪ್ಪಾ ಅಂತ ಇಲ್ಲಿ ಬಂದು ಹೇಳು. ಕ್ರೇಗ್ ವರ್ಷಗಟ್ಟಲೆ ಅದು ಪೆನಾಲ್ಟಿಯೇ ಅಲ್ಲ ಅಂತ ವಾದ ಮಾಡಿದ.

ಗ್ಲಾಸ್ಗೋ_ಗೌಡ್ತಿ

ಅಲ್ಲವೇ ಅಲ್ಲ!

ಅಂಕಿ_ಅನಂತ

ನೂರಕ್ಕೆ ನೂರು ಪೆನಾಲ್ಟಿ ಮೇಡಂ. ಬನ್ನಿ, ಶುರು ಮಾಡೋಣ.